ತನ್ನ ಹೃದಯಕ್ಕೇ ಟ್ಯೂಬ್ ತೂರಿಸಿಕೊಂಡ ವೈದ್ಯ: ಈ ಫಾರ್ವರ್ಡ್ ನಿಜವೇ?

ನಿಜ. ಆದರೆ ಫಾರ್ವರ್ಡ್‌ಗಳಲ್ಲಿ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಉಳಿದದ್ದನ್ನು ನಾವು ಹೇಳುತ್ತೇವೆ.

ವರ್ನರ್ ಫೋರ್ಸ್‌ಮನ್ ಹುಟ್ಟಿದ್ದು 1904ರಲ್ಲಿ, ಬರ್ಲಿನ್‌ನಲ್ಲಿ. 1929ರಲ್ಲಿ ಅವರು ಎಬರ್ಸ್‌ವಾಲ್ಡೆ ಆಸ್ಪತ್ರೆಯ ಕಿರಿಯ ವೈದ್ಯ. ಮುಖ್ಯ ವೈದ್ಯರು ಬೇಡವೆಂದರೂ ಕೇಳದೆ, ಮೂತ್ರ ತೆಗೆಯಲು ಬಳಸುವ ತೆಳು ಟ್ಯೂಬನ್ನು ತಮ್ಮ ತೋಳಿನ ರಕ್ತನಾಳದೊಳಗೆ 65 ಸೆಂ.ಮೀ. ತಳ್ಳಿಕೊಂಡರು. ಎಕ್ಸ್‌ರೇ ಕೋಣೆ ಇದ್ದದ್ದು ಕೆಳಗಡೆ. ಟ್ಯೂಬ್ ಒಳಗಿರುವಾಗಲೇ ಮೆಟ್ಟಿಲಿಳಿದು ಹೋಗಿ ಚಿತ್ರ ತೆಗೆಸಿದರು. ಟ್ಯೂಬಿನ ತುದಿ ಹೃದಯ ಮುಟ್ಟಿತ್ತು!

ಆದರೆ ಸಿಕ್ಕಿದ್ದು ಹೊಗಳಿಕೆಗಿಂತ ಟೀಕೆಯೇ ಹೆಚ್ಚು. ಮುಂದೆ ಅವರು ಮೂತ್ರರೋಗ ತಜ್ಞರಾದರು. 1932ರಲ್ಲಿ ನಾಜಿ ಪಕ್ಷವನ್ನೂ ಸೇರಿದ್ದರು. ಇದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ. ಅಮೆರಿಕದಲ್ಲಿ ಕೂರ್ನಾಂಡ್ ಮತ್ತು ರಿಚರ್ಡ್ಸ್ ಈ ವಿಧಾನವನ್ನು ಬೆಳೆಸಿದರು. 1956ರಲ್ಲಿ ಮೂವರಿಗೂ ನೊಬೆಲ್ ಬಂತು. ಫೋರ್ಸ್‌ಮನ್ 1979ರಲ್ಲಿ ತೀರಿಕೊಂಡರು.

ಇಂದಿನ ಕ್ಯಾಥ್ ಲ್ಯಾಬ್‌ನಲ್ಲಿ ಎಕ್ಸ್‌ರೇ ಟೇಬಲ್ ಬಳಿಯೇ ಇರುತ್ತದೆ. ರಕ್ತನಾಳ ಪೂರ್ತಿ ಮುಚ್ಚಿ ಹೃದಯಾಘಾತವಾದರೆ, ರೋಗಿ ಬಾಗಿಲು ದಾಟಿದ 90 ನಿಮಿಷದೊಳಗೆ ಅದನ್ನು ತೆರೆಯಬೇಕೆಂಬುದು ಇಂಥ ಆಸ್ಪತ್ರೆಗಳ ಗುರಿ. ಅದಕ್ಕೆ ತಂಡ, ಟೇಬಲ್, ಸ್ಟೆಂಟ್ ಮೂರೂ ಸಿದ್ಧವಿರಬೇಕು. ಒಂದು ತಡವಾದರೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ.

ಆದರೆ ಬಾಗಿಲು ತಲುಪುವುದು ನಮ್ಮ ಕೈಯಲ್ಲಿದೆ. ಎದೆ ಹಿಂಡಿದಂತಾದರೆ ಗ್ಯಾಸ್ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಇದನ್ನೂ ಫಾರ್ವರ್ಡ್ ಮಾಡಿ.