ಪ್ರಾಧ್ಯಾಪಕ ಹುದ್ದೆ ತೊರೆದು ಮತ್ತೆ ವಿದ್ಯಾರ್ಥಿಯಾದ ಅಂಬೇಡ್ಕರ್

ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನ ಅರ್ಥಶಾಸ್ತ್ರ ಪ್ರಾಧ್ಯಾಪಕರೊಬ್ಬರು 1920ರ ಮಾರ್ಚ್‌ನಲ್ಲಿ ಹುದ್ದೆಗೆ ರಾಜೀನಾಮೆ ಸಲ್ಲಿಸಿದರು. ತಿಂಗಳ ಸಂಬಳ 450 ರೂಪಾಯಿ. ಅಂದಿಗೆ ಅದು ಸಣ್ಣ ಮೊತ್ತವಲ್ಲ. ವಯಸ್ಸು 29ರ ಹೊಸ್ತಿಲಲ್ಲಿತ್ತು, ಮನೆಯಲ್ಲಿ ಪತ್ನಿ ಮತ್ತು ಪುತ್ರ ಇದ್ದರು. ಎಲ್ಲವನ್ನೂ ಬಿಟ್ಟು ಅವರು ಹೊರಟದ್ದು ಅರ್ಧಕ್ಕೆ ನಿಂತ ವ್ಯಾಸಂಗವನ್ನು ಪೂರ್ಣಗೊಳಿಸಲು. ಅವರೇ ಭೀಮರಾವ್ ರಾಮ್‌ಜಿ ಅಂಬೇಡ್ಕರ್.

ಅಂಬೇಡ್ಕರ್ ಪಡೆದ ಪದವಿಗಳ ಪಟ್ಟಿಯನ್ನು ಪ್ರತಿ ಏಪ್ರಿಲ್‌ನಲ್ಲಿ ವೇದಿಕೆಗಳ ಮೇಲೆ ಓದಲಾಗುತ್ತದೆ. ಆ ಪಟ್ಟಿಯ ನಡುವೆ ಮೂರು ವರ್ಷಗಳ ಖಾಲಿ ಜಾಗವಿದೆ ಎಂಬುದು ಮಾತ್ರ ಅಪರೂಪಕ್ಕೆ ಪ್ರಸ್ತಾಪವಾಗುತ್ತದೆ.

ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯ ವಿಶ್ವವಿದ್ಯಾಲಯ ಸೇರಿದ ಅವರು, 1915ರಲ್ಲಿ ಎಂ.ಎ. ಪಡೆದರು. ಮರುವರ್ಷ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಹಾಗೂ ವಕೀಲಿ ವ್ಯಾಸಂಗಕ್ಕಾಗಿ ಗ್ರೇಸ್ ಇನ್ ಪ್ರವೇಶಿಸಿದರು. 1917ರಲ್ಲಿ ವೇತನದ ಅವಧಿ ತೀರಿತು. ಹಿಂದಿರುಗುವುದು ಅನಿವಾರ್ಯವಾಯಿತು. ಲಂಡನ್ ವಿಶ್ವವಿದ್ಯಾಲಯ ಒಂದು ರಿಯಾಯಿತಿ ನೀಡಿತು: ನಾಲ್ಕು ವರ್ಷಗಳೊಳಗೆ ಮರಳಿದರೆ ವ್ಯಾಸಂಗ ಮುಂದುವರಿಸಬಹುದು. ಅಂದಿನಿಂದ ಅವರ ಬದುಕು ಆ ಗಡುವಿನೊಂದಿಗೆ ನಡೆಸಿದ ಲೆಕ್ಕಾಚಾರವಾಯಿತು.

ಕರಾರಿನಂತೆ ಬರೋಡದಲ್ಲಿ ನೌಕರಿಗೆ ಸೇರಿದರು. ಆದರೆ ವಿದೇಶಿ ಪದವೀಧರನಿಗೆ ಆ ನಗರದಲ್ಲಿ ಬಾಡಿಗೆಗೆ ಒಂದು ಕೋಣೆಯೂ ದೊರೆಯಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಹೆಸರು ಮರೆಸಿ ತಂಗಿದ್ದವರನ್ನು ದೊಣ್ಣೆ ಹಿಡಿದು ಬಂದ ಗುಂಪು ಹೊರಗಟ್ಟಿತು. ಮುಂಬಯಿಗೆ ಮರಳಿ ಮನೆಪಾಠ ಹೇಳಿದರು; ಷೇರು ವ್ಯವಹಾರದ ಸಲಹಾ ಕಚೇರಿ ತೆರೆದರು. ಜಾತಿ ತಿಳಿದೊಡನೆ ಗಿರಾಕಿಗಳು ದೂರವಾದರು. 1918ರ ನವೆಂಬರ್‌ನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನ ಹುದ್ದೆ ದೊರೆತ ಮೇಲೂ, ನೀರಿನ ಹೂಜಿ ಮುಟ್ಟಬಾರದೆಂದು ಸಹೋದ್ಯೋಗಿಗಳಲ್ಲಿ ಕೆಲವರು ಆಕ್ಷೇಪಿಸಿದರು.

ಆ ಸಂಬಳದಲ್ಲಿಯೇ ಅವರು ಹಣ ಕೂಡಿಟ್ಟರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಸ್ನೇಹಿತ ನವಲ್ ಭಥೇನಾ 5000 ರೂಪಾಯಿ ಸಾಲ ಕೊಟ್ಟರು. 1920ರ ಜನವರಿ 31ರಂದು ಆರಂಭಿಸಿದ 'ಮೂಕನಾಯಕ' ಪತ್ರಿಕೆಯಿನ್ನೂ ಎಳೆಯ ಕೂಸಾಗಿತ್ತು. ಅದನ್ನು ಇತರರ ಕೈಗೊಪ್ಪಿಸಿ ಅದೇ ಜುಲೈನಲ್ಲಿ ಹಡಗು ಏರಿದರು. ಅಲ್ಪ ಹಣದಲ್ಲಿ ಸಂಸಾರ ತೂಗಿಸುವ ಹೊಣೆ ರಮಾಬಾಯಿಯವರ ಪಾಲಿಗೆ ಬಂತು. ಈ ಪದವಿಗಳ ಬೆಲೆಯಲ್ಲಿ ಅವರ ಪಾಲು ದೊಡ್ಡದು. ಭಾಷಣಗಳಲ್ಲಿ ಅದಕ್ಕೆ ಸಿಗುವ ಜಾಗ ಚಿಕ್ಕದು.

ಲಂಡನ್‌ನಲ್ಲಿ ಮೋಜಿಗೆ ಸಮಯವಾಗಲಿ ಹಣವಾಗಲಿ ಇರಲಿಲ್ಲ. ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಂನ ವಾಚನಾಲಯ ಹೊಕ್ಕರೆ ಹೊರಬರುತ್ತಿದ್ದುದು ಸಂಜೆಗೆ. ರಾತ್ರಿ ಹಸಿವಾದಾಗ ಊರಿನ ಹಪ್ಪಳವನ್ನು ಸುಟ್ಟುಕೊಂಡು, ಹಾಲು ಕುಡಿದು ಓದು ಮುಂದುವರಿಸುತ್ತಿದ್ದರೆಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಗಡುವು ಮೀರುವ ಮುನ್ನವೇ, 1921ರಲ್ಲಿ, ಎಂ.ಎಸ್ಸಿ. ಕೈಸೇರಿತು. 1922ರಲ್ಲಿ ಬ್ಯಾರಿಸ್ಟರ್ ಆದರು.

ಉಳಿದದ್ದು ಡಿ.ಎಸ್ಸಿ. ರೂಪಾಯಿಯ ಸಮಸ್ಯೆಯನ್ನು ಕುರಿತ ಆ ಪ್ರಬಂಧ ಬ್ರಿಟಿಷ್ ಸರ್ಕಾರದ ನಾಣ್ಯ ನೀತಿಯನ್ನು ಕಟುವಾಗಿ ವಿಮರ್ಶಿಸಿತ್ತು. 1922ರ ಅಕ್ಟೋಬರ್‌ನಲ್ಲಿ ಸಲ್ಲಿಸಿದರೆ, ಪರೀಕ್ಷಕರು ತಿದ್ದಿ ಬರೆಯುವಂತೆ ಸೂಚಿಸಿ ಹಿಂದಿರುಗಿಸಿದರು. ಅಷ್ಟರಲ್ಲಿ ಹಣ ಬರಿದಾಗಿತ್ತು. 1923ರ ಏಪ್ರಿಲ್‌ನಲ್ಲಿ ಮುಂಬಯಿಗೆ ಮರಳಿ, ವಕೀಲಿ ವೃತ್ತಿ ಆರಂಭಿಸುತ್ತಲೇ ಪ್ರಬಂಧವನ್ನು ತಿದ್ದಿ ಕಳುಹಿಸಿದರು. ತೀರ್ಮಾನಗಳನ್ನು ಬದಲಿಸಲಿಲ್ಲ. ವರ್ಷಾಂತ್ಯಕ್ಕೆ ಪದವಿ ಬಂತು, ಗ್ರಂಥವೂ ಪ್ರಕಟವಾಯಿತು. ಮುನ್ನುಡಿ ಬರೆದ ಗುರು ಎಡ್ವಿನ್ ಕ್ಯಾನನ್ ಅವರಿಗೆ ಶಿಷ್ಯನ ವಾದಗಳೆಲ್ಲ ಒಪ್ಪಿಗೆಯಾಗಿರಲಿಲ್ಲ ಎಂಬುದೂ ಅಲ್ಲಿಯೇ ಇದೆ.

ಕೊಲಂಬಿಯದ ಪಿಎಚ್.ಡಿ. ಬಾಕಿಯೇ ಉಳಿದಿತ್ತು. ಅದಕ್ಕಾಗಿ ಬರೆದ ಪ್ರಾಂತೀಯ ಹಣಕಾಸಿನ ಗ್ರಂಥ 1925ರಲ್ಲಿ ಅಚ್ಚಾಯಿತು. ಪದವಿ ವಿಧಿವತ್ತಾಗಿ ದೊರೆತದ್ದು 1927ರ ಜೂನ್‌ನಲ್ಲಿ. ಅವರಿಗಾಗ 36 ವರ್ಷ. ಮಹಾಡ್‌ನ ಚವದಾರ್ ಕೆರೆಯ ನೀರನ್ನು ಸಾವಿರಾರು ದಲಿತರೊಂದಿಗೆ ಅವರು ಬೊಗಸೆಯಲ್ಲಿ ಎತ್ತಿ ಕುಡಿದು ಆಗ ಮೂರು ತಿಂಗಳಾಗುತ್ತ ಬಂದಿತ್ತು.