ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರೂ ಬಾಲವಟುಗಳೂ

ಶಿಕಾರಿಪುರ ಸೀಮೆಯ ಬಳ್ಳಿಗಾವೆಯಲ್ಲಿ ಪೂರ್ವದಲ್ಲಿ ಕೋಡಿಯಮಠವೆಂಬ ವಿದ್ಯಾಸ್ಥಾನವಿದ್ದಿತು. 1162ರ ಶಾಸನವು ಅಲ್ಲಿಯ ವೇದವ್ಯಾಕರಣಾದಿ ಪಾಠಗಳೊಡನೆ ದೀನರಿಗೂ ಅಂಧರಿಗೂ ಗಾಯಕರಿಗೂ ಅನ್ನವಿಕ್ಕುತ್ತಿದ್ದ ಸಂಗತಿಯನ್ನು ತಿಳಿಸುತ್ತದೆ. ಆ ಕಾಳಾಮುಖ ಮಠವು ಅಳಿದು ಶತಮಾನಗಳು ಸಂದ ಬಳಿಕ, ನೆರೆಯ ಸೊರಬ ಸೀಮೆಯ ಶಂಭುಲಿಂಗನ ಬೆಟ್ಟದಲ್ಲಿ ಎಳಂದೂರು ಬಸವಲಿಂಗ ಸ್ವಾಮಿಗಳವರ ಸೇವೆಗೈದ ಓರ್ವ ತರುಣರಿಂದ ಅಂತಹದೇ ಕಾರ್ಯವು ನಮ್ಮ ನಾಡಿನಲ್ಲಿ ಮತ್ತೆ ಚಿಗುರಿತು. ಅವರೇ ಹಾನಗಲ್ಲ ವಿರಕ್ತಮಠದ ಕುಮಾರ ಮಹಾಸ್ವಾಮಿಗಳವರು.

ರಾಣೇಬೆನ್ನೂರು ಸೀಮೆಯ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಇವರ ಪೂರ್ವಾಶ್ರಮದ ಹೆಸರು ಹಾಲಯ್ಯ. ಮನೆಯಲ್ಲಿ ಕಡುಬಡತನ, ಭಿಕ್ಷಾನ್ನದಿಂದಲೇ ವಿದ್ಯಾಭ್ಯಾಸ. ಮುಲ್ಕಿ ಪರೀಕ್ಷೆಗೆ ಕುಳಿತರು, ತೇರ್ಗಡೆಯಾಗಲಿಲ್ಲ. ಅಂತಹ ಬಾಲಕನು ಆಶ್ರಯವಿಲ್ಲದೆ ಹಾದಿ ತಪ್ಪಿದ್ದರೆ ಲೋಕವು ಅಚ್ಚರಿಪಡುತ್ತಿರಲಿಲ್ಲ. ಹಾಲಯ್ಯನವರಾದರೋ ಹಳ್ಳಿಯ ಮಕ್ಕಳನ್ನು ಕೂಡಿಸಿಕೊಂಡು ತಾವೇ ಪಾಠ ಹೇಳತೊಡಗಿದರು.

ಆ ಕಾಲದಲ್ಲಿ ಅನೇಕ ಮಠಗಳ ಮರಿಗಳಿಗೆ ಎಳವೆಯಲ್ಲಿಯೇ ಪಟ್ಟವೂ ಸೊತ್ತೂ ದೊರೆಯುತ್ತಿದ್ದವು. ಶಿಕ್ಷಣ ಮಾತ್ರ ದೊರೆಯುತ್ತಿರಲಿಲ್ಲ. ಹೇಳುವವರು ಕೇಳುವವರು ಇಲ್ಲದ ಹುಡುಗನ ಕೈಗೆ ಅಧಿಕಾರ ಬಂದರೆ ಕಲಹ ವ್ಯಾಜ್ಯಗಳಿಗೆ ದಾರಿಯಾಗುವುದೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಇದನ್ನು ಮನಗಂಡ ಸ್ವಾಮಿಗಳವರು 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದರು. ಅಲ್ಲಿ ವಟುಗಳಿಗೆ ಸಂಸ್ಕೃತಪಾಠವು ಮುಗಿದರೆ ದಿನವು ಮುಗಿಯುತ್ತಿರಲಿಲ್ಲ. ಯೋಗಾಸನ, ಶಿವಪೂಜೆ, ಸಂಗೀತ, ಗೋಸೇವೆ, ಗೋಮಯದಿಂದ ವಿಭೂತಿಯ ನಿರ್ಮಾಣ, ಹೀಗೆ ಒಂದಾದ ಮೇಲೊಂದು ಕಾಯಕವಿರುತ್ತಿದ್ದಿತು. ಪಾಠಕ್ಕಿಂತಲೂ ಪಾಠದ ನಂತರದ ಈ ಹೊತ್ತೇ ಹುಡುಗರನ್ನು ತಿದ್ದಿತೆಂದು ನನ್ನ ಎಣಿಕೆ. ಬರಿದಾದ ಹೊತ್ತು ಹುಡುಗರಿಗೆ ಒಳ್ಳೆಯದಲ್ಲ.

ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ, ಗುರುಬಸಯ್ಯ ಎಂಬ ಹುಟ್ಟುಕುರುಡ ಸೋದರರಿದ್ದರು. ಬಡವರ ಮನೆಯ ಕುರುಡು ಮಕ್ಕಳಿಗೆ ಭಿಕ್ಷಾಪಾತ್ರೆಯೇ ಗತಿಯೆಂದು ಜನರು ಎಣಿಸುತ್ತಿದ್ದ ಕಾಲವದು. ಸ್ವಾಮಿಗಳವರು ಅವರ ಕಂಠಮಾಧುರ್ಯವನ್ನು ಮೆಚ್ಚಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತವನ್ನು ಕಲಿಸಿದರು. ಗದಿಗೆಯ್ಯನವರೇ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರ ಗವಾಯಿಗಳು. ಅವರೂ ತಮ್ಮಂತಹ ಅಂಧ ಅನಾಥ ಬಾಲಕರನ್ನು ಕೂಡಿಸಿ, ಅನ್ನವಿಟ್ಟು, ಹಾಡು ಕಲಿಸಿದರು.

ಕುಮಾರ ಮಹಾಸ್ವಾಮಿಗಳವರು 1930ರಲ್ಲಿ ಲಿಂಗೈಕ್ಯರಾದರು. 1944ರಲ್ಲಿ ಗವಾಯಿಗಳೂ ಶಿವಸಾಯುಜ್ಯವನ್ನು ಹೊಂದಲು, ಅವರು ಸಾಕಿದ ಅಂಧಬಾಲಕರಲ್ಲೊಬ್ಬರಾದ ಪುಟ್ಟರಾಜರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು.