ಲಿವರ್‌ಪೂಲಿನ ವಿಲಿಯಂ ಲ್ಯಾಸೆಲ್

ನೆಪ್ಚೂನ್ ಗ್ರಹದ ಆವಿಷ್ಕಾರವನ್ನು ಕುರಿತು ಓದಿರುವ ವಾಚಕರಿಗೆ ಗಣಿತಜ್ಞ ಲೆವೆರಿಯೇ, ಬರ್ಲಿನ್ ವೇಧಶಾಲೆಯ ಗಾಲೆ ಎಂಬುವರ ಹೆಸರುಗಳು ಪರಿಚಿತವಾಗಿವೆ. 1846ನೆಯ ಇಸವಿ ಸೆಪ್ಟೆಂಬರ್ 23ರಂದು ಆ ಗ್ರಹವು ಕಣ್ಣಿಗೆ ಬಿದ್ದಿತು. ಅನಂತರ ಹದಿನೇಳು ದಿನಗಳು ಕಳೆಯುವಷ್ಟರಲ್ಲಿ, ಅಕ್ಟೋಬರ್ 10ರಂದು, ಅದಕ್ಕೊಂದು ಚಂದ್ರನೂ ಇರುವುದನ್ನು ಕಂಡವರು ಯಾವ ವಿಶ್ವವಿದ್ಯಾನಿಲಯದ ಆಚಾರ್ಯರೂ ಅಲ್ಲ, ಸರ್ಕಾರದ ವೇತನ ಪಡೆದ ಜ್ಯೋತಿರ್ವಿದರೂ ಅಲ್ಲ. ಅವರು ಲಿವರ್‌ಪೂಲ್ ಪಟ್ಟಣದಲ್ಲಿ ಬೀರೆಂಬ ಮದ್ಯವನ್ನು ತಯಾರಿಸಿ ಮಾರುತ್ತಿದ್ದ ವಿಲಿಯಂ ಲ್ಯಾಸೆಲ್ ಎಂಬ ವರ್ತಕರು. ಪಾನನಿರೋಧವನ್ನು ಪ್ರತಿಪಾದಿಸುವ ನಮಗೆ ಆ ಉದ್ಯಮದಲ್ಲಿ ಆದರವಿಲ್ಲ. ಆದರೆ ಅದರಿಂದ ಬಂದ ಹಣವು ಹೋದ ದಾರಿಯನ್ನು ನೋಡಿದರೆ ಆ ಉದ್ಯಮಿಯನ್ನು ಆದರಿಸದೆ ಇರಲಾಗದು.

ಲ್ಯಾಸೆಲ್ಲರು 1799ರ ಜೂನ್ 18ರಂದು ಬೋಲ್ಟನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಮರದ ವ್ಯಾಪಾರಿ. ಮಗನು ಬಾಲಕನಾಗಿರುವಾಗಲೇ ತೀರಿಕೊಂಡರು. ಹುಡುಗನು ಲಿವರ್‌ಪೂಲಿನ ವರ್ತಕರೊಬ್ಬರಲ್ಲಿ ಏಳು ವರ್ಷ ಉಮೇದುವಾರಿ ಮಾಡಿ, ಬಳಿಕ ಸ್ವಂತ ವ್ಯಾಪಾರವನ್ನು ಕೈಗೊಂಡನು. ನಕ್ಷತ್ರಗಳ ಹಂಬಲವಂತೂ ಮೊದಲಿನಿಂದಲೂ ಇದ್ದಿತು. ಒಳ್ಳೆಯ ದೂರದರ್ಶಕವನ್ನು ಕೊಳ್ಳುವಷ್ಟು ಹಣವಿರಲಿಲ್ಲ. ಆದ್ದರಿಂದ 1820ರ ಸುಮಾರಿಗೆ ತಾವೇ ದರ್ಪಣಗಳನ್ನು ಉಜ್ಜಿ ದೂರದರ್ಶಕ ಮಾಡಲು ಆರಂಭಿಸಿದರು. ಹಣ ಬಂದ ಮೇಲೂ ಈ ಕೆಲಸವನ್ನು ಅವರು ಬಿಡಲಿಲ್ಲವೆಂಬುದನ್ನು ನಾವು ಮುಖ್ಯವಾಗಿ ಗಮನಿಸಬೇಕು.

ಆ ಕಾಲದ ದರ್ಪಣವು ಗಾಜಿನದಲ್ಲ; ತಾಮ್ರ ಮತ್ತು ತವರಗಳನ್ನು ಬೆರಸಿ ಎರಕ ಹೊಯ್ದ ಲೋಹದ ಬಿಲ್ಲೆ. ಅದು ಭಾರವಾದುದು, ಪೆಟ್ಟು ಬಿದ್ದರೆ ಒಡೆಯುವಂಥದು, ಬೇಗನೆ ಮಾಸುವಂಥದು. ಮಾಸಿದಾಗಲೆಲ್ಲ ಮತ್ತೆ ಮೆರುಗು ಕೊಡಬೇಕು. ಮೆರುಗಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ನಕ್ಷತ್ರವು ಚುಕ್ಕೆಯಾಗಿ ಕಾಣದೆ ಹರಡಿಕೊಳ್ಳುವುದು. ಲ್ಯಾಸೆಲ್ಲರು 1844ರಲ್ಲಿ ಐರ್ಲೆಂಡಿಗೆ ಹೋಗಿ ರಾಸ್ ಪ್ರಭುಗಳ ಉಜ್ಜುವ ಯಂತ್ರವನ್ನು ನೋಡಿ ಬಂದು ಅದೇ ಬಗೆಯದೊಂದನ್ನು ಮಾಡಿಸಿದರು, ಫಲವು ತೃಪ್ತಿಕರವಾಗಲಿಲ್ಲ. ಆಗ ಹಬೆಯ ಸುತ್ತಿಗೆಯಿಂದ ಪ್ರಖ್ಯಾತರಾದ ತಮ್ಮ ಮಿತ್ರ ಜೇಮ್ಸ್ ನೇಸ್ಮಿತ್ತರೊಡನೆ ಆಲೋಚಿಸಿ, ನುರಿತ ಕುಶಲಿಯ ಕೈ ಆಡುವ ರೀತಿಯನ್ನೇ ಅನುಸರಿಸುವ ಯಂತ್ರವನ್ನು ನಿರ್ಮಿಸಿದರು. ಅದರಿಂದ ಸಿದ್ಧವಾದುದೇ 24 ಅಂಗುಲ ವ್ಯಾಸ, 20 ಅಡಿ ನಾಭಿದೂರದ ದರ್ಪಣ. ಅಂಥ ದೊಡ್ಡ ದರ್ಪಣದೂರದರ್ಶಕವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಚ್ಚಿನ ಮೇಲೆ ಕೂರಿಸಿದವರಲ್ಲಿ ಅವರೇ ಮೊದಲಿಗರು. ಹೀಗೆ ಕೂರಿಸಿದರೆ ಒಂದೇ ಅಚ್ಚಿನ ಸುತ್ತ ತಿರುಗಿಸಿ ನಕ್ಷತ್ರವನ್ನು ರಾತ್ರಿಯುದ್ದಕ್ಕೂ ಹಿಂಬಾಲಿಸಬಹುದು. ನೆಪ್ಚೂನಿನ ಚಂದ್ರನನ್ನು, ಈಗ ಟ್ರೈಟನ್ ಎಂದು ಕರೆಯುವುದನ್ನು, ಹಿಡಿದುಕೊಟ್ಟುದು ಈ ಯಂತ್ರವೇ. 1848ರಲ್ಲಿ ಶನಿಯ ಹೈಪೀರಿಯನ್ ದೊರೆಯಿತು. ಅಮೆರಿಕದ ಬಾಂಡ್ ತಂದೆಮಕ್ಕಳು ಎರಡು ಮೂರು ದಿನ ಮುಂಚೆಯೇ ಅದನ್ನು ಕಂಡಿದ್ದರಾದುದರಿಂದ ಕೀರ್ತಿಯು ಇಬ್ಬರಿಗೂ ಸಲ್ಲುತ್ತದೆ. 1851ರ ಅಕ್ಟೋಬರಿನಲ್ಲಿ ಯುರೇನಸ್ಸಿನ ಏರಿಯಲ್ ಮತ್ತು ಅಂಬ್ರಿಯಲ್‌ಗಳು ಕಂಡುಬಂದವು.

ಇಷ್ಟೆಲ್ಲ ಜಯಗಳ ನಡುವೆ ಒಂದು ಪ್ರಮಾದವೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಅವರ ಶೀಲವು ಅಲ್ಲಿಯೇ ಹೆಚ್ಚು ವ್ಯಕ್ತವಾಗುತ್ತದೆ. 1846ರಲ್ಲಿಯೇ ಅವರಿಗೆ ನೆಪ್ಚೂನಿನ ಸುತ್ತ ಶನಿಗಿರುವಂತೆ ಉಂಗುರವೊಂದು ಕಂಡಂತಾಯಿತು. ಇತರ ಕೆಲವರೂ ಕಂಡೆವೆಂದರು. ಆರು ವರ್ಷಗಳ ಬಳಿಕ ಯಂತ್ರವನ್ನು ಮಾಲ್ಟಾ ದ್ವೀಪದ ತಿಳಿಯಾದ ಆಕಾಶದ ಕೆಳಗೆ ಕೊಂಡೊಯ್ದು ಪರೀಕ್ಷಿಸಿದಾಗ, ದೂರದರ್ಶಕದ ನಳಿಗೆಯನ್ನು ತಿರುಗಿಸಿದಂತೆ ಉಂಗುರವೂ ತಿರುಗುವುದು ಗೊತ್ತಾಯಿತು. ದೋಷವು ಆಕಾಶದಲ್ಲಿರಲಿಲ್ಲ, ದರ್ಪಣದಲ್ಲಿದ್ದಿತು. ತಾವೇ ಮಾಡಿದ ದರ್ಪಣದ ಮೇಲೆ ತಾವೇ ಸಾಕ್ಷ್ಯವನ್ನು ಒದಗಿಸಿ ಲ್ಯಾಸೆಲ್ಲರು ಉಂಗುರವನ್ನು ಕೈಬಿಟ್ಟರು. 1989ರಲ್ಲಿ ವಾಯೇಜರ್ 2 ನೌಕೆಯು ಹತ್ತಿರ ಹೋಗಿ ನೆಪ್ಚೂನಿಗೆ ಉಂಗುರಗಳುಂಟೆಂದು ಚಿತ್ರಗಳಲ್ಲಿ ತೋರಿಸಿಕೊಟ್ಟಿತು; ಆದರೆ ಅವು ಅತ್ಯಂತ ಕ್ಷೀಣವಾದವು, ಲ್ಯಾಸೆಲ್ಲರ ಯಂತ್ರಕ್ಕೆ ನಿಲುಕುವಂಥವಲ್ಲ. ಯುರೇನಸ್ಸಿಗೆ ಹಿರಿಯ ಹರ್ಷೆಲ್ಲರು ಹೇಳಿದ್ದ ಆರು ಚಂದ್ರರಲ್ಲಿ ನಾಲ್ಕು ಇಲ್ಲವೆಂಬುದೂ ಇದೇ ಬಗೆಯ ನಿಷ್ಠುರ ಪರೀಕ್ಷೆಯಿಂದಲೇ ಸ್ಪಷ್ಟವಾಯಿತು.

ಅಷ್ಟರಲ್ಲಿ ಲಿವರ್‌ಪೂಲಿನ ಹೊಗೆಯು ಹೆಚ್ಚಿತು. 48 ಅಂಗುಲದ ಹೊಸ ದರ್ಪಣವನ್ನು ಸಿದ್ಧಗೊಳಿಸಿ, ಸಂಸಾರ ಸಮೇತರಾಗಿ 1861ರಲ್ಲಿ ಮತ್ತೆ ಮಾಲ್ಟಾಕ್ಕೆ ಹೊರಟರು. ಅಲ್ಲಿ ಅವರ ಸಹಾಯಕರಾದ ಆಲ್ಬರ್ಟ್ ಮಾರ್ತರು ಹಿಂದೆ ಯಾರೂ ಕಾಣದ ಸುಮಾರು 600 ನೀಹಾರಿಕೆಗಳನ್ನು ಪಟ್ಟಿ ಮಾಡಿದರು. ಹೊಸ ಚಂದ್ರನೊಂದೂ ಸಿಕ್ಕಲಿಲ್ಲ.

ಪದವಿಯಿಲ್ಲದ ಈ ವರ್ತಕರಿಗೆ ರಾಯಲ್ ಸೊಸೈಟಿಯ ಸದಸ್ಯತ್ವವೂ ಖಗೋಲ ಸೊಸೈಟಿಯ ಸುವರ್ಣಪದಕವೂ 1849ರಲ್ಲಿಯೇ ದೊರೆತಿದ್ದವು. 1870ರಿಂದ ಎರಡು ವರ್ಷ ಅವರು ಆ ಖಗೋಲ ಸೊಸೈಟಿಗೆ ಅಧ್ಯಕ್ಷರೂ ಆಗಿದ್ದರು. ಪದವೀಧರರಲ್ಲದವರ ಮಾತನ್ನು ಕೇಳಲೊಲ್ಲದ ನಮ್ಮ ಕೆಲವು ಸಭೆಗಳು ಇದನ್ನು ತಿಳಿದುಕೊಂಡರೆ ಒಳ್ಳೆಯದು. ದೊಡ್ಡ ದೂರದರ್ಶಕದ ಪಾಡು ಮಾತ್ರ ಬೇರೆಯಾಯಿತು. ಆಸ್ಟ್ರೇಲಿಯಾದ ಮೆಲ್ಬೋರ್ನಿಗೆ ಅದನ್ನು ಕೊಡಲು ಅವರು ಮುಂದೆ ಬಂದರು. ಅಲ್ಲಿಗೆ ಹೊಸದೊಂದನ್ನು ಮಾಡಿಸಬೇಕೆಂದು ತೀರ್ಮಾನವಾಯಿತು. ಅಂತೂ 48 ಅಂಗುಲದ ಯಂತ್ರವನ್ನು ಕಳಚಿ ಒಡೆದುಹಾಕಿದರು. ಲ್ಯಾಸೆಲ್ಲರು ಮೇಡನ್‌ಹೆಡ್ ಊರಿನ ಬಳಿ ನೆಲಸಿ, ಹಳೆಯ 24 ಅಂಗುಲದ ದೂರದರ್ಶಕವನ್ನು ಮನೆಯ ಬಳಿ ನಿಲ್ಲಿಸಿಕೊಂಡು, 1880ರ ಅಕ್ಟೋಬರ್ 5ರಂದು ಅಲ್ಲಿಯೇ ಕಾಲವಾದರು. ಆ ಯಂತ್ರವನ್ನು ಅವರ ಹೆಣ್ಣುಮಕ್ಕಳು ಗ್ರೀನಿಚ್ ವೇಧಶಾಲೆಗೆ ಒಪ್ಪಿಸಿದರು.